ಅಪ್ಪ ಸೋತ ಮುಖವಾಡ

ಮೆಕ್ಸಿಕೊದ ಕುಸ್ತಿಯಲ್ಲಿ ಒಂದೇ ಮನೆತನ ಒಂದೇ ಮುಖವಾಡವನ್ನು ಎರಡು ತಲೆಮಾರಿನಲ್ಲಿ ಎರಡು ಸಲ ಸೋತಿದೆ. 1985ರ ಡಿಸೆಂಬರ್‌ನಲ್ಲಿ ಮಾಂಟೆರೆ ನಗರದಲ್ಲಿ ಡಾಕ್ಟರ್ ವ್ಯಾಗ್ನರ್ ಎಂಬ ಕುಸ್ತಿಪಟು ಎಲ್ ಸೊಲಿತಾರಿಯೊ ಎಂಬ ಇನ್ನೊಬ್ಬ ಮುಖವಾಡಧಾರಿಗೆ ಸೋತು ಮುಖ ತೋರಿಸಿದ. 2017ರ ಆಗಸ್ಟ್ 26ರಂದು ಮೆಕ್ಸಿಕೊ ನಗರದಲ್ಲಿ ಅವನ ಮಗ ಡಾಕ್ಟರ್ ವ್ಯಾಗ್ನರ್ ಜೂನಿಯರ್ ಸೈಕೊ ಕ್ಲೌನ್ ಎಂಬವನಿಗೆ ಸೋತ. ರಕ್ತ ಮೆತ್ತಿದ್ದ ಬಿಳಿ ಮುಖವಾಡ ಕಳಚಿ, ತನ್ನ ಹೆಸರು ಹುವಾನ್ ಮನುಯೆಲ್ ಗೊನ್ಸಾಲೆಸ್ ಬರೊನ್ ಎಂದು ಜಗತ್ತಿಗೆ ಹೇಳಿದ. ಆಗ ಅವನಿಗೆ 52 ವರ್ಷ. ಮುಖವಾಡವೇ ಬಂಡವಾಳವಾದ ಕಸುಬಿನಲ್ಲಿ ಇದು ದಿವಾಳಿಯಂತೆ ಕಾಣಬೇಕು. ಆದರೆ ವ್ಯಾಗ್ನರ್ ಹೆಸರು ಇಂದಿಗೂ ಚಲಾವಣೆಯಲ್ಲಿದೆ, ಮೂರನೆಯ ತಲೆಮಾರು ಅದೇ ಹೆಸರಿನಲ್ಲಿ ಅಖಾಡಕ್ಕಿಳಿಯುತ್ತಿದೆ. ಪಿತ್ರಾರ್ಜಿತವಾಗಿ ಬಂದ ಮುಖವಾಡಕ್ಕೆ ಬೆಲೆ ಬರುವುದು ಅದನ್ನು ಬಚ್ಚಿಟ್ಟು ಕಾಪಾಡುವುದರಿಂದಲ್ಲ, ಪಣಕ್ಕಿಟ್ಟು ಕಳೆದುಕೊಳ್ಳಲು ಸಿದ್ಧನಿರುವುದರಿಂದ ಎಂಬುದು ಈ ಲೇಖನದ ವಾದ. ಅದಕ್ಕೆ ವ್ಯಾಗ್ನರ್ ಜೂನಿಯರ್‌ನ ವೃತ್ತಿಜೀವನಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಮೊದಲು ಆಟದ ಕಟ್ಟಳೆ. ಲೂಚಾ ಲಿಬ್ರೆ ಎಂದು ಕರೆಯಲಾಗುವ ಈ ಕುಸ್ತಿಗೆ ಸಂಸ್ಥೆಯ ರೂಪ ಕೊಟ್ಟವನು ಸಾಲ್ವಡೋರ್ ಲುತೆರೊತ್. 1933ರ ಸೆಪ್ಟೆಂಬರ್ 21ರಂದು ಅವನು ಆರಂಭಿಸಿದ ಕಂಪನಿ ಈಗ ಸಿಎಂಎಲ್‌ಎಲ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಮುಖವಾಡ ಬಂದದ್ದು ಅದರ ಮರುವರ್ಷದ ಸುಮಾರಿಗೆ, ಅದೂ ಅಮೆರಿಕದವನೊಬ್ಬನ ಬೇಡಿಕೆಯಿಂದ. ಸೈಕ್ಲೋನ್ ಮ್ಯಾಕಿ ಎಂಬ ಆ ಕುಸ್ತಿಪಟುವಿಗೆ ಮುಖವಾಡ ಹೊಲಿದುಕೊಟ್ಟವನು ಆಂಟೋನಿಯೊ ಮಾರ್ತಿನೆಸ್ ಎಂಬ ಚಪ್ಪಲಿ ಕಸುಬುದಾರ. ಚರ್ಮ, ಅಳತೆ, ದಾರ ಇವನ್ನು ಬಲ್ಲವನ ಕೈಕೆಲಸವಾದ್ದರಿಂದಲೋ ಏನೋ, ಇಂದಿಗೂ ಮುಖವಾಡವನ್ನು ತಲೆಯ ಹಿಂದೆ ಬೂಟಿನ ಲೇಸಿನಂತೆ ದಾರ ಪೋಣಿಸಿ ಬಿಗಿಯುತ್ತಾರೆ. ಎದುರಾಳಿಯ ಬೆರಳು ಮೊದಲು ಹುಡುಕುವುದು ಆ ಗಂಟನ್ನೇ. ಆದರೆ ಮಾಮೂಲಿ ಪಂದ್ಯದಲ್ಲಿ ಎದುರಾಳಿಯ ಮುಖವಾಡ ಕಿತ್ತರೆ ಅನರ್ಹತೆ. ಆಟಗಾರರು ಎರಡು ಬಣ, ನಿಯಮ ಪಾಲಿಸುವ ತೆಕ್ನಿಕೊಗಳು ಮತ್ತು ನಿಯಮ ಮುರಿಯುವ ರುದೋಗಳು. ಮೂರು ಸುತ್ತುಗಳಲ್ಲಿ ಎರಡನ್ನು ಗೆದ್ದವನು ವಿಜಯಿ. ಇವೆಲ್ಲಕ್ಕಿಂತ ಮೇಲಿನದು ಪಣದ ಪಂದ್ಯ: ಮುಖವಾಡಕ್ಕೆ ಮುಖವಾಡ, ಇಲ್ಲವೇ ಮುಖವಾಡಕ್ಕೆ ತಲೆಗೂದಲು. ಕೂದಲು ಸೋತವನು ಅಲ್ಲೇ ತಲೆ ಬೋಳಿಸಿಕೊಳ್ಳುತ್ತಾನೆ, ಅದು ಮತ್ತೆ ಬೆಳೆಯುತ್ತದೆ. ಮುಖವಾಡ ಸೋತವನು ಅಖಾಡದ ನಡುವೆ ನಿಂತು ಹೆಸರು, ಊರು, ಎಷ್ಟು ವರ್ಷದಿಂದ ಕುಸ್ತಿಯಾಡುತ್ತಿದ್ದೇನೆ ಎಂಬುದನ್ನು ಹೇಳಬೇಕು. ಅದನ್ನು ಮತ್ತೆ ತೊಡುವಂತಿಲ್ಲ.

ವ್ಯಾಗ್ನರ್ ಮನೆತನ ಕುಸ್ತಿಗೆ ಹೆಸರಾದ ಉತ್ತರದ ತೊರೆಯೊನ್ ಪಟ್ಟಣದ್ದು. ತಂದೆ ಮನುಯೆಲ್ ಗೊನ್ಸಾಲೆಸ್ ರಿವೆರಾ, ಆಂಹೆಲ್ ಬ್ಲಾಂಕೊ ಮತ್ತು ಎಲ್ ಸೊಲಿತಾರಿಯೊ ಸೇರಿ ಕಟ್ಟಿದ ಬಿಳಿ ಅಲೆ ಎಂಬ ರುದೋ ತಂಡ ಪ್ರೇಕ್ಷಕರ ಬೈಗುಳದಲ್ಲೇ ಬೆಳೆಯಿತು. ಆಮೇಲೆ ಸೊಲಿತಾರಿಯೊ ಬೇರೆಯಾದ. 1972ರಲ್ಲಿ ಆಂಹೆಲ್ ಬ್ಲಾಂಕೊನ ಮುಖವಾಡ ಕಿತ್ತುಕೊಂಡ, 1985ರಲ್ಲಿ ವ್ಯಾಗ್ನರನದನ್ನೂ. 1986ರ ಏಪ್ರಿಲ್ ಕ್ರೂರ ತಿಂಗಳಾಯಿತು. ಅದರ ಮೊದಲ ವಾರದಲ್ಲಿ ಸೊಲಿತಾರಿಯೊ ತೀರಿಕೊಂಡ, ಕೊನೆಯ ವಾರದಲ್ಲಿ ಪಂದ್ಯಕ್ಕೆ ಹೊರಟಿದ್ದ ಕಾರು ಅಪಘಾತಕ್ಕೀಡಾಗಿ ಆಂಹೆಲ್ ಬ್ಲಾಂಕೊ ಸತ್ತ, ಹಿರಿಯ ವ್ಯಾಗ್ನರನ ನಡೆದಾಡುವ ಶಕ್ತಿ ಹೋಯಿತು. ಮಗ ಬಿಳಿ ಮುಖವಾಡ ತೊಟ್ಟು ಮೇಲೆ ಬಂದದ್ದು ಈ ಆಸುಪಾಸಿನ ವರ್ಷಗಳಲ್ಲಿ. ಅಂದರೆ ಅವನ ಪಾಲಿಗೆ ಬಂದದ್ದು ಅಜೇಯ ಮುಖವಾಡವಲ್ಲ, ಆಗಲೇ ಸೋತು, ಒಳಗಿನ ಮುಖ ಪತ್ರಿಕೆಗಳಲ್ಲಿ ಅಚ್ಚಾಗಿದ್ದ ಮುಖವಾಡ. ಸಾಲದ ಸಮೇತ ಕೈಗೆ ಬಂದ ಪಿತ್ರಾರ್ಜಿತ ಜಮೀನಿನಂತೆ, ಅದನ್ನು ಉಳುಮೆ ಮಾಡಿಯೇ ಉಳಿಸಿಕೊಳ್ಳಬೇಕಿತ್ತು. ಅವನು ಹಾಗೇ ಮಾಡಿದ. ತಮ್ಮ ಸಿಲ್ವರ್ ಕಿಂಗ್ ಜೊತೆ ಜೋಡಿಯಾಗಿ ಸಿಎಂಎಲ್‌ಎಲ್‌ನ ಪಟ್ಟ ಗೆದ್ದ. 1999ರಲ್ಲಿ ಜಪಾನಿನಲ್ಲಿ ಕೆಂಡೊ ಕಾಶಿನ್ ಜೊತೆ ನ್ಯೂ ಜಪಾನ್ ಸಂಸ್ಥೆಯ ಜೂನಿಯರ್ ವಿಭಾಗದ ಜೋಡಿ ಪಟ್ಟ ಗೆದ್ದ. 2009ರಲ್ಲಿ ಎದುರಾಳಿ ಕಂಪನಿಯಾದ ಟ್ರಿಪಲ್ ಎಗೆ ಹೋಗಿ ಅದೇ ವರ್ಷ ಅದರ ಅತಿದೊಡ್ಡ ಪಟ್ಟ ಹಿಡಿದ. ರುದೋ ಆಗಿದ್ದುಕೊಂಡೇ ಜನರ ಪ್ರೀತಿ ಗಳಿಸುವುದು ಅಪ್ಪನಿಗೂ ಕಷ್ಟವಾಗಿದ್ದ ವಿದ್ಯೆ, ಮಗನಿಗೆ ಅದು ಸಲೀಸಾಗಿತ್ತು.

ಇಲ್ಲಿ ಏಳುವ ಮೊದಲ ಆಕ್ಷೇಪ ಎಲ್ಲರಿಗೂ ಗೊತ್ತಿರುವುದೇ: ಇದೆಲ್ಲ ಮೊದಲೇ ಗೊತ್ತುಮಾಡಿದ ಆಟ, ಸೋಲೂ ಬರೆದಿಟ್ಟದ್ದು, ಹಾಗಿರುವಾಗ ಸಿದ್ಧನಿರುವುದು, ಕಳೆದುಕೊಳ್ಳುವುದು ಎಂಬ ಮಾತಿಗೆ ಅರ್ಥವೇನು? ಯಾರು ಗೆಲ್ಲಬೇಕು ಎಂಬುದು ಮುಂಚಿತವಾಗಿ ತೀರ್ಮಾನವಾಗಿರುತ್ತದೆ ಎಂಬುದು ನಿಜ. ದೊಡ್ಡ ಮುಖವಾಡ ಸೋಲುವವನಿಗೆ ದೊಡ್ಡ ಸಂಭಾವನೆಯೂ ಸಲ್ಲುತ್ತದೆ. ಆದರೆ ಈ ಆಕ್ಷೇಪ ನನ್ನ ವಾದವನ್ನು ಕೆಡಿಸುವುದಿಲ್ಲ, ಗಟ್ಟಿ ಮಾಡುತ್ತದೆ. ಬಲದಲ್ಲಿ ಸೋತವನು ಮುಖವಾಡ ಕಳೆದುಕೊಂಡರೆ ಅದು ದುರದೃಷ್ಟ. ಸೋಲಲು ಒಪ್ಪಿಕೊಂಡವನು ಕಳೆದುಕೊಂಡರೆ ಅದು ನಿರ್ಧಾರ. ಒಪ್ಪಿದ ಮೇಲೆ ನಡೆಯುವುದರಲ್ಲಿ ನಟನೆ ಕಡಿಮೆ: ಮುಖ ಒಮ್ಮೆ ಬಯಲಾದರೆ ಬಯಲಾಯಿತು, ಯಾವ ಕಥೆಗಾರನೂ ಅದನ್ನು ಹಿಂದಕ್ಕೆ ತಿರುಗಿಸಲಾರ. ದೇಹದ ವಿಷಯದಲ್ಲೂ ಹಾಗೆಯೇ. ‘ನಾಚೊ ಲಿಬ್ರೆ’ ಚಿತ್ರದಲ್ಲಿ ಖಳನಾಗಿ ನಟಿಸಿದ್ದ ಅದೇ ತಮ್ಮ ಸಿಲ್ವರ್ ಕಿಂಗ್ 2019ರ ಮೇ ತಿಂಗಳಲ್ಲಿ ಲಂಡನ್ನಿನ ರೌಂಡ್‌ಹೌಸ್ ಸಭಾಂಗಣದಲ್ಲಿ ಪಂದ್ಯ ನಡೆಯುತ್ತಿದ್ದಾಗಲೇ ಕುಸಿದು ಸತ್ತ.

ಎರಡನೆಯ ಆಕ್ಷೇಪ ಇನ್ನೂ ಹರಿತ: ಇದು ಬರೀ ವಂಶಪಾರಂಪರ್ಯ, ಹೆಸರಿನ ಬಲದಲ್ಲಿ ಬಾಗಿಲು ತೆರೆಸಿಕೊಳ್ಳುವವರ ಕಥೆ. ಬಾಗಿಲು ತೆರೆಯುತ್ತದೆ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಈ ಲೋಕದಲ್ಲಿ ರಕ್ತಸಂಬಂಧಕ್ಕೆ ಇರುವ ಬೆಲೆ ಹೊರಗಿನವರು ಊಹಿಸುವಷ್ಟಿಲ್ಲ. ಬ್ಲೂ ಡೆಮನ್ ಜೂನಿಯರ್ ಹಿರಿಯ ಬ್ಲೂ ಡೆಮನ್‌ನ ದತ್ತುಮಗ, ಆದರೂ 2008ರಲ್ಲಿ ಎನ್‌ಡಬ್ಲ್ಯೂಎ ವಿಶ್ವ ಹೆವಿವೇಟ್ ಪಟ್ಟ ಗೆದ್ದ ಮೊದಲ ಮುಖವಾಡಧಾರಿ. ಕಂಪನಿಗಳೇ ಹೆಸರನ್ನು ಬೇರೆಯವರಿಗೆ ಕೊಟ್ಟದ್ದುಂಟು: ಟ್ರಿಪಲ್ ಎ ಲಾ ಪಾರ್ಕಾ ಎಂಬ ಅಸ್ಥಿಪಂಜರದ ವೇಷವನ್ನು ಇನ್ನೊಬ್ಬನಿಗೆ ತೊಡಿಸಿದಾಗ ಮೂಲ ಲಾ ಪಾರ್ಕಾ ‘ಅಸಲಿ’ ಎಂಬ ವಿಶೇಷಣ ಸೇರಿಸಿಕೊಂಡು ಎಲ್.ಎ. ಪಾರ್ಕ್ ಆಗಬೇಕಾಯಿತು. ಎಲ್ಲರಿಗಿಂತ ದೊಡ್ಡವನಾದ ಎಲ್ ಸಾಂತೊನ ಆರಂಭವೂ ಸ್ವಂತ ಹೆಸರಿನದಲ್ಲ. ಅವನು ಮೊದಲು ಪ್ರಸಿದ್ಧ ಮುರ್ಸಿಯೆಲಗೊ ವೆಲಾಸ್ಕೆಸ್‌ನ ಹೆಸರಿಗೆ ಎರಡನೆಯವನೆಂಬ ಬಾಲ ಅಂಟಿಸಿಕೊಂಡು ಆಡುತ್ತಿದ್ದ. ಮೂಲ ಹೆಸರಿನವನು ಕುಸ್ತಿ ಆಯೋಗಕ್ಕೆ ದೂರು ಕೊಟ್ಟ, ಆಯೋಗ ತಡೆಯಿತು. 1942ರಲ್ಲಿ ಬೆಳ್ಳಿ ಮುಖವಾಡದ ಸಾಂತೊ ಹುಟ್ಟಿದ್ದು ಆ ತಡೆಯ ನಂತರ. ಕಡ ತಂದ ಹೆಸರಿನಿಂದ ಹೊರಗೆ ತಳ್ಳಿಸಿಕೊಂಡವನೇ ಮುಂದೆ ಎಲ್ಲರೂ ಕಡ ಪಡೆಯಲು ಬಯಸುವ ಹೆಸರಾದ. ಬಾಗಿಲಲ್ಲಿ ವಂಶ ಕೇಳುತ್ತಾರೆ, ಒಳಗೆ ಹೋದ ಮೇಲೆ ಏನನ್ನು ಪಣಕ್ಕಿಟ್ಟೆ ಎಂದು ಕೇಳುತ್ತಾರೆ.

ನನ್ನ ವಾದಕ್ಕೆ ನಿಜವಾದ ಅಡ್ಡಿ ಸಾಂತೊನ ಮನೆತನ. ರೊಡಾಲ್ಫೊ ಗುಸ್ಮಾನ್ ಉಎರ್ತಾ ಎಂಬ ಆ ಮನುಷ್ಯ ಎಂದೂ ಮುಖವಾಡ ಸೋಲಲಿಲ್ಲ. ಐವತ್ತಕ್ಕೂ ಹೆಚ್ಚು ಸಿನಿಮಾಗಳಲ್ಲಿ ಮುಖವಾಡದಲ್ಲೇ ನಟಿಸಿದ, ವಾರವಾರ ಬರುತ್ತಿದ್ದ ಕಾಮಿಕ್ಸ್‌ಗೆ ನಾಯಕನಾದ. ಸಾಯುವ ಕೆಲವೇ ದಿನ ಮುಂಚೆ ಟಿವಿ ಕಾರ್ಯಕ್ರಮವೊಂದರಲ್ಲಿ ಮುಖವಾಡವನ್ನು ಅರ್ಧ ಸರಿಸಿದ್ದು ಬಿಟ್ಟರೆ ಜನ ಅವನ ಮುಖ ಕಾಣಲಿಲ್ಲ. 1984ರ ಫೆಬ್ರುವರಿ 5ರಂದು ತೀರಿಕೊಂಡವನನ್ನು ಮುಖವಾಡ ಸಮೇತ ಹೂಳಲಾಯಿತು. ಸೋಲದೆಯೂ ಬೆಲೆ ಬಂತಲ್ಲ ಎಂದು ಯಾರಾದರೂ ಕೇಳಬಹುದು. ಬಂತು, ಆದರೆ ಅದು ಅಪ್ಪನ ತಲೆಮಾರಿಗೆ. ಕಿರಿಯ ಮಗ ಅಪ್ಪನ ಒತ್ತಾಯದಂತೆ ಮೊದಲು ಪದವಿ ಮುಗಿಸಿ, 1982ರಲ್ಲಿ ಎಲ್ ಇಹೊ ದೆಲ್ ಸಾಂತೊ ಆಗಿ ಬಂದ. ಅಪ್ಪನ ಬೆಳ್ಳಿ ಬಣ್ಣ, ಎದುರಾಳಿಯ ಬೆನ್ನೇರಿ ಗದ್ದ ಹಿಡಿದೆತ್ತುವ ಅಪ್ಪನದೇ ಪಟ್ಟು, ಎಲ್ಲ ಸಿಕ್ಕವು. ಆದರೂ ಅವನು ಹತ್ತಾರು ಸಲ ಆ ಮುಖವಾಡವನ್ನು ಪಣಕ್ಕಿಟ್ಟ. 1987ರಲ್ಲಿ ಸಿಲ್ವರ್ ಕಿಂಗ್‌ನ ಮುಖವಾಡ ಗೆದ್ದದ್ದೂ ಇವನೇ. 1996ರ ಕೊನೆಗೆ ಅಪ್ಪನ ಭಕ್ತರು ಎಂದೂ ಊಹಿಸದ ಕೆಲಸ ಮಾಡಿದ: ಆರೆನಾ ಮೆಹಿಕೊ ಎಂಬ ಅಖಾಡದಲ್ಲಿ ಎಲ್ ಫೆಲಿನೊ ಎಂಬ ಕುಸ್ತಿಪಟುವಿನ ವೇಷ ಹಾಕಿಕೊಂಡು ಬಂದು, ಫೆಲಿನೊನ ಅಣ್ಣ ನೆಗ್ರೊ ಕಾಸಸ್‌ನ ಮೇಲೆ ಬಿದ್ದ. ಅಡಿಯ ಬೆಳ್ಳಿ ಮುಖವಾಡ ಕಂಡಾಗ ಅವನು ರುದೋ ಆಗಿದ್ದ. ಮುಂದಿನ ಸೆಪ್ಟೆಂಬರ್‌ನಲ್ಲಿ ಅದೇ ಅಖಾಡದಲ್ಲಿ ಕಾಸಸ್‌ನ ಕೂದಲು ಗೆದ್ದ. ಅವನ ವೃತ್ತಿಯಲ್ಲಿ ಅವನದೇ ಎನ್ನಬಹುದಾದ ಭಾಗ ಇದು, ಅಪ್ಪನ ಪುಣ್ಯನಾಮವನ್ನೇ ಅಪಾಯಕ್ಕೆ ಒಡ್ಡಿದ ಭಾಗ. ಇನ್ನೊಂದು ಬದಿಯಲ್ಲಿ, ಸೋಲದ ಮುಖವಾಡ ಆಸ್ತಿಯಾಗಿ ಗಟ್ಟಿಯಾಗುತ್ತ ಹೋಯಿತು. ಸಾಂತೊನ ಮೊಮ್ಮಗನೆಂದು ಹೇಳಿಕೊಂಡು ಅಖಾಡಕ್ಕಿಳಿದವನ ಮೇಲೆ ಹೆಸರಿನ ಹಕ್ಕಿಗಾಗಿ ಕಾನೂನು ಹೋರಾಟವೇ ನಡೆಯಿತು, ಅವನು ಆ ಹೆಸರು ಬಿಡಬೇಕಾಯಿತು.

ಹಾಗಿದ್ದರೆ, ಸೋತ ಮೇಲೂ ಮಕ್ಕಳು ಅದೇ ಹೆಸರಿನಲ್ಲಿ ಮುಖ ಮುಚ್ಚಿಕೊಂಡು ಬರುವುದಾದರೆ ಸೋತದ್ದಾದರೂ ಏನು? ಸೋತದ್ದು ಮನುಷ್ಯ, ಮನೆಯಲ್ಲ. ಈ ವ್ಯತ್ಯಾಸವನ್ನು ಮೆಕ್ಸಿಕೊದ ಪ್ರೇಕ್ಷಕರು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ಟಿವಿಯಲ್ಲಿ ಕುಸ್ತಿ ನೋಡಿ ಬೆಳೆದ ಕನ್ನಡಿಗರಿಗೆ ರೇ ಮಿಸ್ಟೀರಿಯೊ ಗೊತ್ತು. ಬಂಧುವಿನಿಂದ ಹೆಸರು ಪಡೆದ ಅವನು 1999ರಲ್ಲಿ ಅಮೆರಿಕದ ಡಬ್ಲ್ಯೂಸಿಡಬ್ಲ್ಯೂನಲ್ಲಿ ಮುಖವಾಡ ಸೋತು, 2002ರಲ್ಲಿ ಡಬ್ಲ್ಯೂಡಬ್ಲ್ಯೂಇಗೆ ಬರುವಾಗ ಮತ್ತೆ ತೊಟ್ಟ. ನಮಗದು ಸಹಜವೆನಿಸಿತು, ಅಲ್ಲಿನ ಸಂಪ್ರದಾಯನಿಷ್ಠರಿಗೆ ಅಪಚಾರವೆನಿಸಿತು. ಬ್ಲೂ ಪ್ಯಾಂಥರ್ ಬೇರೆ ದಾರಿ ಹಿಡಿದ. 2008ರಲ್ಲಿ ವಿಲ್ಲಾನೊ ಐದನೆಯವನಿಗೆ ಮುಖವಾಡ ಸೋತು, ಬರಿಮುಖದಲ್ಲೇ ಆಡುತ್ತ ಅರವತ್ತು ದಾಟಿದ ಮೇಲೂ ಆರೆನಾ ಮೆಹಿಕೊವನ್ನು ತುಂಬಿಸಿದ. ಅವನ ಮಕ್ಕಳು ಪ್ಯಾಂಥರ್ ಮುಖವಾಡದಲ್ಲಿ ಬಂದರು. ವ್ಯಾಗ್ನರ್ ಜೂನಿಯರ್ ಕೂಡ ಹಾಗೇ. 2019ರ ಆಗಸ್ಟ್‌ನಲ್ಲಿ ಕೊಡಲು ಮುಖವಾಡ ಉಳಿದಿರಲಿಲ್ಲ, ತಲೆಗೂದಲನ್ನೇ ಪಣಕ್ಕಿಟ್ಟು ಬ್ಲೂ ಡೆಮನ್ ಜೂನಿಯರ್‌ಗೆ ಸೋತು ರಕ್ತ ಸುರಿಯುತ್ತಲೇ ತಲೆ ಬೋಳಿಸಿಕೊಂಡ. 2017ರಲ್ಲಿ ಅವನ ಮುಖವಾಡ ಗೆದ್ದ ಸೈಕೊ ಕ್ಲೌನ್ ಯಾರೆಂಬುದನ್ನೂ ಇಲ್ಲಿ ನೆನೆಯಬೇಕು: ಬ್ರಾಸೊ ದೆ ಪ್ಲಾತಾನ ಮಗ. ಆ ಬ್ರಾಸೊ ಸೋದರರು 1988ರಲ್ಲಿ ವಿಲ್ಲಾನೊ ಸೋದರರಿಗೆ ಮೂವರೂ ಒಟ್ಟಿಗೆ ಮುಖವಾಡ ಸೋತಿದ್ದರು. ಹಾಗಾಗಿ ಆ ರಾತ್ರಿ ಅಖಾಡದಲ್ಲಿದ್ದವರು ಅಪ್ಪಂದಿರು ಮುಖವಾಡ ಸೋತಿದ್ದ ಇಬ್ಬರು ಗಂಡುಮಕ್ಕಳು. ಆ ವರ್ಷದ ಅತಿದೊಡ್ಡ ಪಂದ್ಯಕ್ಕೆ ಕಂಪನಿ ಆರಿಸಿಕೊಂಡದ್ದು ಅಜೇಯ ವಂಶಗಳನ್ನಲ್ಲ ಎಂಬುದು ಆಕಸ್ಮಿಕವೆಂದು ನನಗನಿಸುವುದಿಲ್ಲ.

ಈಗ ವ್ಯಾಗ್ನರ್ ಜೂನಿಯರ್‌ನ ಇಬ್ಬರು ಮಕ್ಕಳು ಅಖಾಡದಲ್ಲಿದ್ದಾರೆ. ಒಬ್ಬ ಅಜ್ಜನ ಅಡ್ಡಹೆಸರಾದ ಗಾಲೆನೊ ದೆಲ್ ಮಾಲ್ ಎಂಬುದನ್ನೇ ಎತ್ತಿಕೊಂಡಿದ್ದಾನೆ. ಇನ್ನೊಬ್ಬ ಎಲ್ ಇಹೊ ದೆ ಡಾಕ್ಟರ್ ವ್ಯಾಗ್ನರ್ ಜೂನಿಯರ್, ಅಂದರೆ ಮಗ ಎಂಬುದು ಹೆಸರಿನಲ್ಲೇ ಎರಡು ಸಲ ಬರುತ್ತದೆ. ಅಪ್ಪನಂತೆ ಇವನೂ ಜಪಾನಿಗೆ ಹೋಗಿ ನೋವಾ ಸಂಸ್ಥೆಯಲ್ಲಿ ಹೆಸರು ಮಾಡಿದ. ಇಬ್ಬರದೂ ಬಿಳಿ ಬಟ್ಟೆಯ ಮೇಲಿನ ಕಪ್ಪು ವಿನ್ಯಾಸದ ಅದೇ ಮನೆತನದ ಮಾದರಿ. ಒಂದಲ್ಲ ಒಂದು ದಿನ ಯಾವುದೋ ಕಂಪನಿ ಈ ಮಕ್ಕಳ ಮುಂದೆಯೂ ದೊಡ್ಡ ಮೊತ್ತದ ಕರಾರು ಇಟ್ಟು ಮುಖವಾಡ ಕೇಳುತ್ತದೆ. ಒಪ್ಪಬೇಕೋ ಬೇಡವೋ ಎಂದು ಸಲಹೆ ಕೇಳಲು ಅವರಿಗೆ ಮನೆಯಲ್ಲೇ ಅಪ್ಪನಿದ್ದಾನೆ, ಸಾಂತೊನ ಮಗನಿಗೆ ಅಂಥ ಅಪ್ಪ ಇರಲಿಲ್ಲ.