ಎಣ್ಣಿ ಹಾಕಿಸಿದ ಮ್ಯಾಲೆ ಗಾಡಿ ಚಾಲೂ ಆಗಲಿಲ್ಲವೇ? ಪಂಪಿನವರನ್ನು ಬಯ್ಯುವ ಮೊದಲು

ಗದಗ-ಬೆಟಗೇರಿಯ ಪೆಟ್ರೋಲ್ ಪಂಪಿನಲ್ಲಿ ಟ್ಯಾಂಕ್ ತುಂಬಿಸಿಕೊಂಡ ಕಾರು ಅಲ್ಲೇ ಮುಷ್ಕರ ಹೂಡಿತೆಂದರೆ, ತೀರ್ಪು ಹೊರಬೀಳಲು ಒಂದು ನಿಮಿಷ ಸಾಕು: “ಎಣ್ಣಿ ಕಲಬೆರಕಿ ಐತ್ರಿ.” ಹಿಂದೆ ನಿಂತವರು ಹಾರ್ನ್ ಹೊಡೆಯುತ್ತಾರೆ, ಪಕ್ಕದ ಬೈಕಿನವರು ತಮಗೆ ಎಲ್ಲೋ ಆದ ಮೋಸದ ಕತೆ ತೆಗೆಯುತ್ತಾರೆ, ಪೈಪು ಹಿಡಿದ ಹುಡುಗ ಎಲ್ಲರ ಮಾತಿಗೂ ಉತ್ತರ ಕೊಡುತ್ತ ನಿಲ್ಲುತ್ತಾನೆ. ಬಹಳ ಸಲ ಈ ತೀರ್ಪು ತಪ್ಪು.

ಯಾಕೆಂದರೆ ಆಗಷ್ಟೇ ಹಾಕಿಸಿದ ಎಣ್ಣೆ ಎಂಜಿನ್ನನ್ನು ಇನ್ನೂ ಮುಟ್ಟಿರುವುದಿಲ್ಲ. ಟ್ಯಾಂಕಿನಿಂದ ಎಂಜಿನ್ ತನಕ ಇರುವ ಪೈಪು, ಫಿಲ್ಟರ್, ಇಂಜೆಕ್ಟರುಗಳ ತುಂಬ ಹಳೆಯ ಎಣ್ಣೆಯೇ ಇರುತ್ತದೆ. ಹೊಸದು ಕೆಟ್ಟದ್ದಾಗಿದ್ದರೂ ಗಾಡಿ ಸಾಮಾನ್ಯವಾಗಿ ಚಾಲೂ ಆಗಿ, ಪಂಪಿನ ಗೇಟು ದಾಟಿ, ಸ್ವಲ್ಪ ದೂರ ಹೋಗಿ ಜಗ್ಗಾಡಿ ನಿಲ್ಲುತ್ತದೆ. 2025ರ ಜೂನ್ ಕೊನೆಯ ವಾರ ಮಧ್ಯಪ್ರದೇಶದ ರತ್ಲಾಮ್‌ನಲ್ಲಿ ಆದದ್ದು ಹೀಗೆಯೇ. ಮುಖ್ಯಮಂತ್ರಿ ಮೋಹನ್ ಯಾದವ್ ಅವರ ಬೆಂಗಾವಲಿನ 19 ವಾಹನಗಳು ಒಂದೇ ಪಂಪಿನಲ್ಲಿ ಡೀಸೆಲ್ ಹಾಕಿಸಿಕೊಂಡು ಹೊರಟವು, ಸ್ವಲ್ಪ ದೂರದಲ್ಲಿ ಒಂದೊಂದಾಗಿ ನಿಂತವು. ಟ್ಯಾಂಕ್ ಬಿಚ್ಚಿದರೆ ಡೀಸೆಲ್ ಜೊತೆ ನೀರು. ಅಧಿಕಾರಿಗಳು ಪಂಪಿಗೆ ಬೀಗ ಜಡಿದರು. ಕೆಟ್ಟ ಎಣ್ಣೆಯ ಲಕ್ಷಣ ಎರಡೂ ಅಲ್ಲಿದ್ದವು: ಗಾಡಿ ಓಡಿ ನಿಂತಿತು, ಮತ್ತು ಒಂದೇ ಗಾಡಿ ನಿಲ್ಲಲಿಲ್ಲ. ನಿಮ್ಮ ಹಿಂದೆ ಮುಂದೆ ಅದೇ ಪೈಪಿನಿಂದ ಹಾಕಿಸಿಕೊಂಡವರೆಲ್ಲ ಆರಾಮಾಗಿ ಹೋಗಿ, ನಿಮ್ಮದೊಂದೇ ಕೀಲಿ ತಿರುವಿದಲ್ಲೇ ಸತ್ತಿದ್ದರೆ ದೋಷ ಹುಡುಕಬೇಕಾದ ಜಾಗ ಬಾನೆಟ್ಟಿನ ಕೆಳಗಿದೆ.

ಪೆಟ್ರೋಲ್ ಕಾರಿನಲ್ಲಿ ಅಲ್ಲಿ ಮೊದಲು ನೋಡಬೇಕಾದ್ದು ಪರ್ಜ್ ವಾಲ್ವ್. ಹೆಸರು ಕೇಳಿದವರು ಕಡಿಮೆ, ಕೆಲಸ ಸರಳ. ಟ್ಯಾಂಕಿನಲ್ಲಿ ಏಳುವ ಪೆಟ್ರೋಲ್ ಆವಿಯನ್ನು ಗಾಳಿಗೆ ಬಿಡಬಾರದೆಂದು, ಇದ್ದಿಲು ತುಂಬಿದ ಒಂದು ಡಬ್ಬಿಗೆ ಹಾಯಿಸಿರುತ್ತಾರೆ. ಅದೇ ಕ್ಯಾನಿಸ್ಟರ್. ಇದ್ದಿಲು ಆವಿಯನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಗಾಡಿ ಓಡುವಾಗ ಎಂಜಿನ್ನಿನ ಕಂಪ್ಯೂಟರು ಹದ ನೋಡಿ ಪರ್ಜ್ ವಾಲ್ವ್ ತೆರೆಯುತ್ತದೆ. ಆವಿ ಎಂಜಿನ್ನಿಗೆ ಹೋಗಿ ಉರಿದುಹೋಗುತ್ತದೆ. ಎಂಜಿನ್ ಬಂದಾಗಿದ್ದಾಗ ವಾಲ್ವ್ ಮುಚ್ಚಿರಬೇಕು.

ಅದು ಸವೆದು ಅರೆತೆರೆದೇ ಉಳಿದುಬಿಟ್ಟರೆ ಏನಾಗುತ್ತದೆ ನೋಡಿ. ಖಾಲಿ ಟ್ಯಾಂಕಿಗೆ ಮೂವತ್ತು ಲೀಟರ್ ಪೆಟ್ರೋಲ್ ಬಿದ್ದಾಗ ಒಳಗಿದ್ದ ಆವಿಗೆ ಜಾಗ ಇರುವುದಿಲ್ಲ. ಒಂದಿಷ್ಟು ಟ್ಯಾಂಕಿನ ಬಾಯಿಂದ ಹೊರಬರುತ್ತದೆ, ಒಂದಿಷ್ಟು ಕ್ಯಾನಿಸ್ಟರ್ ಕಡೆ ನುಗ್ಗಿ, ಮುಚ್ಚದ ವಾಲ್ವಿನ ಮೂಲಕ ಎಂಜಿನ್ನಿನ ಗಾಳಿದಾರಿಯಲ್ಲಿ ತುಂಬಿಕೊಳ್ಳುತ್ತದೆ. ನೀವು ಕೀಲಿ ತಿರುವುತ್ತೀರಿ. ಕಂಪ್ಯೂಟರು ಎಂದಿನಷ್ಟು ಪೆಟ್ರೋಲ್ ಸಿಂಪಡಿಸುತ್ತದೆ, ಮೇಲೆ ಈ ಆವಿ ಬೇರೆ. ಗಾಳಿ ಕಡಿಮೆ, ಪೆಟ್ರೋಲ್ ಹೆಚ್ಚು. ಸೆಲ್ಫ್ ಜೋರಾಗಿ ಹೊಡೆಯುತ್ತದೆ, ಎಂಜಿನ್ ಹಿಡಿದಂತೆ ಮಾಡಿ ಬಿಡುತ್ತದೆ, ಮೂಗಿಗೆ ಪೆಟ್ರೋಲ್ ವಾಸನೆ ಬಡಿಯುತ್ತದೆ. ಹತ್ತು ನಿಮಿಷ ಬಿಟ್ಟರೆ ಏನೂ ಆಗದವರ ಹಾಗೆ ಚಾಲೂ. ಮರುದಿನ ಮನೆ ಮುಂದೆ ಒಂದೇ ಸೆಲ್ಫಿಗೆ ಹಿಡಿಯುತ್ತದೆ. ಮುಂದಿನ ಸಲ ಫುಲ್ ಮಾಡಿಸಿದಾಗ ಮತ್ತೆ ಅದೇ ಕತೆ. ಹೀಗೆ ಎಣ್ಣೆ ಹಾಕಿಸಿದಾಗ ಮಾತ್ರ ಬರುವ ರೋಗಕ್ಕೆ ಪಂಪು ಬದಲಿಸುತ್ತ ಹೋದವರಿಗೆ ಊರಿನ ಪಂಪುಗಳೆಲ್ಲ ಮುಗಿದರೂ ಉತ್ತರ ಸಿಗುವುದಿಲ್ಲ.

ಆ ಹೊತ್ತಿನ ಉಪಾಯ: ಎಕ್ಸಲೇಟರ್ ಪೂರ್ತಿ ಕೆಳತನಕ ಒತ್ತಿ ಹಿಡಿದು ಐದಾರು ಸೆಕೆಂಡ್ ಸೆಲ್ಫ್ ಹೊಡೆಯುವುದು. ಇಂಜೆಕ್ಷನ್ ಇರುವ ಬಹುತೇಕ ಕಾರುಗಳಲ್ಲಿ ಆಗ ಕಂಪ್ಯೂಟರು ಪೆಟ್ರೋಲ್ ಸಿಂಪಡಿಕೆ ನಿಲ್ಲಿಸಿ ಬರೀ ಗಾಳಿ ಎಳೆಸುತ್ತದೆ. ಎಂಜಿನ್ ಹಿಡಿದ ಕೂಡಲೇ ಕಾಲು ತೆಗೆಯಬೇಕು. “ಎಕ್ಸಲೇಟರ್ ಪಂಪ್ ಮಾಡ್ರಿ, ಪಟ್ ಪಟ್ ಅಂತ ಒತ್ತರಿ” ಎನ್ನುವುದು ಅಂಬಾಸಿಡರ್, ಪದ್ಮಿನಿ ಕಾಲದ ಬುದ್ಧಿ. ಕಾರ್ಬುರೇಟರ್‌ನಲ್ಲಿ ಹಾಗೆ ಒತ್ತಿದರೆ ಪೆಟ್ರೋಲ್ ಚಿಮ್ಮುತ್ತಿತ್ತು, ಇಂದಿನ ಕಾರಿನಲ್ಲಿ ಸ್ಟಾರ್ಟ್ ಮಾಡುವಾಗ ಅದರಿಂದ ಲಾಭವಿಲ್ಲ. ಬಿಸಿಲಿಗೆ ನಿಂತ ಗಾಡಿಯ ಎಣ್ಣೆ ಪಂಪಿಗೆ ಒದ್ದೆ ಬಟ್ಟೆ ಸುತ್ತುವ ಹಳೆಯ ಡ್ರೈವರರ ಮದ್ದು ಕೂಡ ಅದೇ ಕಾಲದ್ದು. ಆಗ ಆ ಪಂಪು ಎಂಜಿನ್ ಮೈಗೆ ಅಂಟಿಕೊಂಡು ಕಾಯುತ್ತಿತ್ತು, ಈಗ ಟ್ಯಾಂಕಿನೊಳಗೆ ಪೆಟ್ರೋಲಿನಲ್ಲೇ ಮುಳುಗಿರುತ್ತದೆ.

ಕ್ಯಾನಿಸ್ಟರ್ ಕೆಡಿಸುವ ಕೆಲಸವನ್ನು ನಾವೇ ಕೈಯಾರೆ ಮಾಡುತ್ತೇವೆ. “ಇನ್ನೊಂದ್ ಸ್ವಲ್ಪ ಹಿಡೀತೈತಿ, ಹಾಕಪಾ, ಬಾಯಿತನಕ ತುಂಬಸು.” ನಾಜಲ್ಲಿನ ತುದಿಯಲ್ಲಿ ಒಂದು ಸಣ್ಣ ತೂತಿದೆ, ಅದರ ಮೂಲಕ ಗಾಳಿ ಎಳೆಯುತ್ತಿರುತ್ತದೆ. ಪೆಟ್ರೋಲ್ ಏರಿ ಬಂದು ತೂತು ಮುಚ್ಚಿದ ಕೂಡಲೇ ಎಳೆತ ಬಿಗಿದು, ಟಕ್ಕೆಂದು ಹಿಡಿ ಬೀಳುತ್ತದೆ. ಟ್ಯಾಂಕಿನ ಮೇಲುಭಾಗದಲ್ಲಿ ಬೇಕೆಂದೇ ಬಿಟ್ಟ ಖಾಲಿ ಜಾಗವನ್ನು ಉಳಿಸಲೆಂದೇ ಆ ಟಕ್. ಅದು ಬಿದ್ದ ಮೇಲೂ ಐವತ್ತು-ನೂರರ ಲೆಕ್ಕ ಸರಿಮಾಡಲು ಮತ್ತೆ ಮತ್ತೆ ಒತ್ತಿಸಿದರೆ, ಆವಿ ಹೋಗಬೇಕಾದ ದಾರಿಯಲ್ಲಿ ಪೆಟ್ರೋಲೇ ಹರಿದು ಇದ್ದಿಲನ್ನು ನೆನೆಸುತ್ತದೆ. ನಮ್ಮ ಕಡೆ ಬಿಸಿಲು ಬೇರೆ. ಪೆಟ್ರೋಲ್ ಒಂದು ಡಿಗ್ರಿಗೆ ಸಾವಿರಕ್ಕೆ ಸುಮಾರು ಒಂದು ಪಾಲು ಹಿಗ್ಗುತ್ತದೆ. ನೆಲದೊಳಗಿನ ಟ್ಯಾಂಕಿನಿಂದ ತಂಪಾಗಿ ಬಂದ 40 ಲೀಟರ್, ಏಪ್ರಿಲ್‌ನ ಮುಂಡರಗಿ ಬಿಸಿಲಲ್ಲಿ ಹತ್ತು ಡಿಗ್ರಿ ಏರಿದರೆ ಸುಮಾರು 400 ಮಿಲಿಲೀಟರ್ ಉಬ್ಬುತ್ತದೆ. ಅದಕ್ಕೆ ಜಾಗ ಬೇಡವೇ? (ಮುಂಜಾನೆ ಹಾಕಿಸಿದರೆ ಹೆಚ್ಚು ಎಣ್ಣೆ ಸಿಗುತ್ತದೆಂಬ ನಂಬಿಕೆಯೂ ಇಲ್ಲೇ ಕುಸಿಯುತ್ತದೆ. ನೆಲದೊಳಗಿನ ಟ್ಯಾಂಕಿಗೆ ಮುಂಜಾನೆ-ಮಧ್ಯಾಹ್ನದ ಬಿಸಿ ಅಷ್ಟಾಗಿ ತಟ್ಟುವುದಿಲ್ಲ.)

ವಾಲ್ವ್ ಅಲ್ಲವಾದರೆ ಮುಂದಿನ ಅನುಮಾನ ಬ್ಯಾಟರಿ. “ಮನಿ ಮುಂದ ಚಲೋ ಚಾಲೂ ಆಗಿತ್ತು, ಬ್ಯಾಟರಿ ಹೆಂಗ ಹೋಗಿರ್ತೈತಿ?” ಹೋಗಿರಬಹುದು. ಲಕ್ಷ್ಮೇಶ್ವರದಿಂದ ಹೊರಟು ಗದಗ ಸೇರುವ ತನಕ ಎಂಜಿನ್ ಬಂದ್ ಮಾಡುವ ಪ್ರಸಂಗವೇ ಬರುವುದಿಲ್ಲ. ಪಂಪಿನಲ್ಲೇ ಮೊದಲು ಮಾಡುತ್ತೀರಿ, ಅದೂ ಎಂಜಿನ್ ಕಾದು ಕೆಂಪಾಗಿದ್ದಾಗ. ಐದು ನಿಮಿಷದಲ್ಲಿ ಮತ್ತೆ ಕೀಲಿ. ಸೋತ ಬ್ಯಾಟರಿ, ಕಾದ ಸೆಲ್ಫ್ ಮೋಟರು, ಬಿಸಿಗೆ ಕೈಕೊಡುವ ಕ್ರ್ಯಾಂಕ್ ಸೆನ್ಸರು ತಮ್ಮ ಬಣ್ಣ ತೋರಿಸುವುದು ಆಗಲೇ. ಕಿವಿ ಕೊಟ್ಟರೆ ಅರ್ಧ ತಿಳಿಯುತ್ತದೆ. ಬರೀ ಟಕ್ ಟಕ್ ಎಂದು ಮೀಟರಿನ ದೀಪ ಮಂಕಾದರೆ ಬ್ಯಾಟರಿ ಇಲ್ಲವೇ ಅದರ ಟರ್ಮಿನಲ್. ಸೆಲ್ಫ್ ಗಟ್ಟಿಯಾಗಿ ಹೊಡೆದೂ ಎಂಜಿನ್ ಹಿಡಿಯದಿದ್ದರೆ ಕೀಲಿಯನ್ನು ಆನ್‌ಗೆ ತಂದು ಹಿಂದಿನ ಸೀಟಿನ ಕಡೆ ಕಿವಿಯಿಡಿ: ಎರಡು ಸೆಕೆಂಡ್ ಗುಂಯ್ ಎನ್ನಬೇಕು, ಅದು ಟ್ಯಾಂಕಿನೊಳಗಿನ ಪಂಪು. ಸದ್ದೇ ಇಲ್ಲವೆಂದರೆ ಫ್ಯೂಸು, ರಿಲೇ, ಪಂಪು ನೋಡಬೇಕು.

ಆಮೇಲೆ ನಮ್ಮೂರಿನ ಸರ್ವರೋಗದ ಮದ್ದು: “ನಾಕ್ ಮಂದಿ ದಬ್ಬರಿ, ಚಾಲೂ ಆಕ್ಕೈತಿ.” ದಬ್ಬುವುದು ಸೋತ ಬ್ಯಾಟರಿಗೆ ಮಾತ್ರ ಮದ್ದು, ಅದೂ ಗೇರಿನ ಗಾಡಿಗೆ. ಪೆಟ್ರೋಲ್ ಹೆಚ್ಚಾಗಿ ನಿಂತ ಕಾರನ್ನು ದಬ್ಬಿದರೆ ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರ್ ಸೇರುತ್ತದೆ, ಅದು ಸುಟ್ಟರೆ ಖರ್ಚು ದೊಡ್ಡದು. ತಪ್ಪು ಎಣ್ಣೆ ಬಿದ್ದ ಗಾಡಿಯನ್ನಂತೂ ಚಾಲೂ ಮಾಡಲು ದಬ್ಬಲೇಬಾರದು. ಡೀಸೆಲ್ ಗಾಡಿಗೆ ನಾಲ್ಕೈದು ಲೀಟರ್ ಪೆಟ್ರೋಲ್ ಬಿದ್ದರೆ “ಮ್ಯಾಲೆ ಡೀಸೆಲ್ ಹಾಕಸ್ರಿ, ಕೂಡಿ ಹೋಗ್ತೈತಿ” ಎನ್ನುವವರು ಇನ್ನೂ ಇದ್ದಾರೆ. ಹಳೆಯ ಟ್ರ್ಯಾಕ್ಟರ್ ತಡೆದುಕೊಂಡಿರಬಹುದು. ಇಂದಿನ ಕಾಮನ್ ರೈಲ್ ಡೀಸೆಲ್ ಎಂಜಿನ್ನಿನಲ್ಲಿ ಸಾವಿರ ಬಾರ್‌ಗೂ ಮೀರಿದ ಒತ್ತಡದ ಪಂಪಿಗೆ ಡೀಸೆಲ್ಲೇ ಜಾರೆಣ್ಣೆ. ಪೆಟ್ರೋಲ್ ಆ ಜಿಡ್ಡನ್ನು ತೆಳುಮಾಡಿ ಕಬ್ಬಿಣಕ್ಕೆ ಕಬ್ಬಿಣ ತಿಕ್ಕುವಂತೆ ಮಾಡುತ್ತದೆ. ಕೀಲಿಯನ್ನೇ ಮುಟ್ಟದೆ, ನ್ಯೂಟ್ರಲ್‌ನಲ್ಲಿ ಬದಿಗೆ ಸರಿಸಿ, ಟ್ಯಾಂಕ್ ಬಸಿಸಬೇಕು.

ಶಿರಹಟ್ಟಿ, ಮುಂಡರಗಿ ಹಳ್ಳಿಗಳ ಕಡೆ ಇನ್ನೊಂದು ದೃಶ್ಯ ಮಾಮೂಲು. ಡೀಸೆಲ್ ಖಾಲಿಯಾಗಿ ನಿಂತ ಗಾಡಿಗೆ ಕ್ಯಾನಿನಲ್ಲಿ ತಂದು ಸುರಿಯುತ್ತಾರೆ, ಆದರೂ ಚಾಲೂ ಆಗದು, ತಂದ ಡೀಸೆಲ್ಲಿಗೆ ಬೈಗುಳ. ಪೈಪಿನಲ್ಲಿ ಏರ್ ಹಿಡಿದಿರುತ್ತದೆ, ಅಷ್ಟೇ. ಫಿಲ್ಟರಿನ ಬಳಿ ಕೈಪಂಪು ಇರುವ ಗಾಡಿಯಾದರೆ ಅದು ಗಟ್ಟಿಯಾಗುವ ತನಕ ಒತ್ತಿ, ಏರ್ ತೆಗೆದು ಸೆಲ್ಫ್ ಹೊಡೆಯಬೇಕು.

ಸಿಎನ್‌ಜಿ ಕಾರಿನ ಕತೆ ಸಣ್ಣದು: ಕಂಪನಿಯೇ ಸಿಎನ್‌ಜಿ ಕೂರಿಸಿಕೊಟ್ಟ ಅನೇಕ ಕಾರುಗಳಲ್ಲಿ ಗ್ಯಾಸ್ ತುಂಬುವ ಮುಚ್ಚಳದ ಬಳಿ ಸಣ್ಣ ಸ್ವಿಚ್ ಇದೆ. ಮುಚ್ಚಳ ಸರಿಯಾಗಿ ಕೂಡದಿದ್ದರೆ ಎಂಜಿನ್ ಚಾಲೂ ಆಗದು. ಇಳಿದು ಮುಚ್ಚಳ ಒತ್ತಿ ನೋಡಿ.

ಪೆಟ್ರೋಲಿಗೆ ಬೆರೆಸುವ ಎಥೆನಾಲ್‌ನಿಂದಲೇ ಗಾಡಿ ನಿಲ್ಲುತ್ತದೆಂಬ ದೂರಿನಲ್ಲಿ ಅರ್ಧ ಸತ್ಯವಿದೆ. ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿಗೆ ಬೆಂಗಳೂರಿನಲ್ಲಿ 2023ರ ಫೆಬ್ರುವರಿ 6ರಂದು ಚಾಲನೆ ಸಿಕ್ಕಿತು. ಅದರಿಂದ ಮೈಲೇಜು ಕೊಂಚ ಇಳಿಯುತ್ತದೆ, ನಿಜ. ಹಾಕಿಸಿದ ಕೂಡಲೇ ಗಾಡಿ ಕಟ್ಟಿಹಾಕುವ ಗುಣ ಅದಕ್ಕಿಲ್ಲ. ಆದರೆ ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಟ್ಯಾಂಕಿಗೆ ಮಿತಿ ಮೀರಿ ನೀರು ಇಳಿದರೆ ನೀರು-ಎಥೆನಾಲ್ ಕೂಡಿ ಬೇರ್ಪಟ್ಟು ತಳ ಸೇರುತ್ತವೆ, ಗಾಡಿಯ ಪಂಪು ಎಳೆಯುವುದೂ ತಳದಿಂದಲೇ. ಅಂಥ ಅನುಮಾನ ಬಂದಲ್ಲಿ ಫಿಲ್ಟರ್ ಪೇಪರ್ ಪರೀಕ್ಷೆ ಕೇಳಿ ಸುಮ್ಮನಾಗಬೇಡಿ. ಅದು ಸೀಮೆಎಣ್ಣೆಯಂಥ ಬೆರಕೆಯ ಕಲೆ ತೋರಿಸಬಹುದು, ನೀರನ್ನು ಅಷ್ಟಾಗಿ ತೋರಿಸದು. ನೆಲದೊಳಗಿನ ಟ್ಯಾಂಕಿಗೆ ಕೋಲು ಬಿಟ್ಟು, ನೀರು ತಗುಲಿದರೆ ಬಣ್ಣ ಬದಲಿಸುವ ಪೇಸ್ಟ್ ಹಚ್ಚಿ ನೋಡುವ ಪದ್ಧತಿ ಪಂಪುಗಳಲ್ಲಿದೆ, ಅದನ್ನು ಕೇಳಿ. ಸಾಂದ್ರತೆಯನ್ನೂ ಅಳೆಸಿ, ಟ್ಯಾಂಕರ್ ಬಂದಾಗ ಬರೆದಿಟ್ಟ ಅಂಕಿಗೂ ಈಗಿನದಕ್ಕೂ ಘನಮೀಟರಿಗೆ 3 ಕಿಲೋಗ್ರಾಂ ಮೀರಿ ಫರಕು ಇರಬಾರದು. ಬಿಲ್ಲು ಇಟ್ಟುಕೊಳ್ಳಿ, ಸಾಧ್ಯವಾದರೆ ಬಾಟಲಿಯಲ್ಲಿ ಮಾದರಿ ಹಿಡಿಸಿ.

ಅದೆಲ್ಲ ಸರಿಯಿದ್ದು, ಫುಲ್ ಮಾಡಿಸಿದಾಗಷ್ಟೇ ಕಾರು ಹಟ ಹಿಡಿಯುತ್ತಿದ್ದರೆ ಗ್ಯಾರೇಜಿನ ಮಿಸ್ತ್ರಿಗೆ “ಚಾಲೂ ಆಗವಲ್ದು” ಎಂದಷ್ಟೇ ಹೇಳಬೇಡಿ. “ಎಣ್ಣಿ ಹಾಕಿಸಿದಾಗ ಅಷ್ಟ” ಎಂದೂ ಹೇಳಿ. ಪರ್ಜ್ ವಾಲ್ವಿನ ವೈರು ಬಿಚ್ಚಿ, ಅದಕ್ಕೊಂದು ಪೈಪು ಹಚ್ಚಿ ಗಾಳಿ ಊದಿಸಿ ನೋಡಲಿ. ಕರೆಂಟ್ ಇಲ್ಲದಾಗ ಗಾಳಿ ಆ ಕಡೆ ದಾಟಬಾರದು. ದಾಟಿತೆಂದರೆ ಬದಲಿಸಬೇಕಾದ್ದು ಎರಡು ಪೈಪು, ಒಂದು ಸಾಕೆಟ್ ಇರುವ ಅಂಗೈಯಗಲದ ಆ ಪ್ಲಾಸ್ಟಿಕ್ ಭಾಗ.