ದೆವ್ವಕ್ಕೆ ಯಾವ ಲಿಪಿ ಓದಲು ಬರುತ್ತದೆ?

1990ರ ದಶಕದಲ್ಲಿ ಕರ್ನಾಟಕದ ಅನೇಕ ಊರುಗಳಲ್ಲಿ ಮನೆಬಾಗಿಲಿನ ಮೇಲೆ ‘ನಾಳೆ ಬಾ’ ಎಂದು ಬರೆದಿಡುವ ಪರಿಪಾಠ ಹಬ್ಬಿತ್ತು. ರಾತ್ರಿ ಹೊತ್ತು ದೆವ್ವವೊಂದು ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆರೆದವರು ಉಳಿಯುವುದಿಲ್ಲ. ಬರಹ ಕಂಡರೆ ಓದಿಕೊಂಡು ಹಿಂತಿರುಗುತ್ತದೆ, ಮರುದಿನ ಬಂದರೂ ಅದೇ ಬರಹ. ತೆಲುಗು ನಾಡಿನಲ್ಲಿ ಇದೇ ಉಪಾಯ ‘ಓ ಸ್ತ್ರೀ ರೇಪು ರಾ’ ಎಂದಾಯಿತು. ಆ ಹೆಸರಿನಲ್ಲೇ 2016ರಲ್ಲಿ ಸಣ್ಣ ಬಂಡವಾಳದ ತೆಲುಗು ಚಿತ್ರವೊಂದು ಬಂತು. 2018ರಲ್ಲಿ ಹಿಂದಿಯ ‘ಸ್ತ್ರೀ’ ಇದೇ ಎಳೆಯನ್ನು ಹಿಡಿದು ದೇಶವಿಡೀ ಓಡಿತು.

ದೆವ್ವಕ್ಕೆ ಅಕ್ಷರಜ್ಞಾನ ಉಂಟೆಂದು ಒಪ್ಪಿಕೊಂಡರೆ, ಗಡಿನಾಡಿನವರಾದ ನಮಗೆ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ. ಅದು ಯಾವ ಲಿಪಿಯನ್ನು ಓದುತ್ತದೆ? ಆಂಧ್ರದ ಅನಂತಪುರ ಜಿಲ್ಲೆಯ ಕಣೇಕಲ್ಲಿನಲ್ಲಿ, ಮನೆಮಾತು ಕನ್ನಡವಾದ ಯಜಮಾನ ತನ್ನ ಬಾಗಿಲಿಗೆ ಏನೆಂದು ಬರೆಯಬೇಕು? ಕನ್ನಡ ತೆಲುಗು ಲಿಪಿಗಳು ಒಂದೇ ಬೇರಿನಿಂದ ಒಡೆದವಾದ್ದರಿಂದ ಅಲ್ಲಿಯ ದೆವ್ವ ಹೇಗೋ ಕೂಡಿಸಿ ಓದೀತು. ನಮ್ಮ ಮಂಜೇಶ್ವರ, ಕುಂಬಳೆಗಳ ದೆವ್ವಕ್ಕೆ ಆ ಸೌಕರ್ಯವೂ ಇಲ್ಲ.

ಕಣೇಕಲ್ಲು ನಮಗೆ ದೂರದ ಊರು, ಆದರೆ ಅಪರಿಚಿತವಲ್ಲ. ಹಗರಿ ಎಂದು ಕರೆಯಲ್ಪಡುವ ವೇದಾವತಿ ನದಿ, ಅದರ ಪಾತ್ರದಿಂದ ಗಾಳಿ ಹೊತ್ತು ತಂದು ಹೊಲಗಳ ಮೇಲೆ ಸುರಿಯುವ ಮರಳ ದಿಬ್ಬಗಳು, ದೊಡ್ಡ ಕೆರೆ. ಹಳೆಯ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರಿದಾಗ ಈ ಊರೂ ಹೋಯಿತು. ನಮ್ಮ ಸರದಿ ಬಂದದ್ದು 1956ರ ನವೆಂಬರ್ 1ರಂದು. ಮಡಕಶಿರಾ ಅದಕ್ಕೂ ಮೊದಲೇ ಅನಂತಪುರಕ್ಕೆ ಸೇರಿದ್ದು. 2022ರಿಂದ ಅದು ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಅಲ್ಲಿಯ ಟಾಕೀಸುಗಳಲ್ಲಿ ತೆಲುಗು, ನಮ್ಮಲ್ಲಿ ಮಲಯಾಳ. ದೊಡ್ಡ ತಾರೆಯರ ಕನ್ನಡ ಚಿತ್ರವಾದರೆ ಎಲ್ಲೋ ಒಂದು ಆಟ ಸಿಕ್ಕೀತು. ಹೆಸರಿಲ್ಲದ ನಟರ, ಒಂದೇ ಮನೆಯೊಳಗೆ ಚಿತ್ರಿಸಿದ ಕನ್ನಡ ದೆವ್ವದ ಸಿನೆಮಾ ಈ ಎರಡೂ ಕಡೆಗೆ ಬರುವುದು ಕಡಿಮೆ. ಬಂದರೆ ಮೊಬೈಲಿಗೆ ಬರುತ್ತದೆ, ಬಂದದ್ದೂ ತಿಳಿಯುವುದಿಲ್ಲ.

ಇಂಥ ಚಿತ್ರಗಳನ್ನು ನೋಡಿ, ಒಬ್ಬನೇ ಕೂತು ಮಾತಾಡಿ, ಧ್ವನಿಮುದ್ರಿಸಿ ಅಂತರಜಾಲಕ್ಕೆ ಏರಿಸುವ ಕೆಲಸ ಇಂದು ಲೋಕದ ಹಲವೆಡೆ ನಡೆದಿದೆ. ‘ಪಾಡ್‌ಕಾಸ್ಟ್’ ಎಂಬ ಇದರ ಹೆಸರು ಹುಟ್ಟಿದ್ದು 2004ರಲ್ಲಿ, ಇಂಗ್ಲಿಷ್ ಪತ್ರಿಕೆಯೊಂದರ ಲೇಖನದಲ್ಲಿ. ಹಿರಿಯರಿಗೆ ತಿಳಿಯುವಂತೆ ಹೇಳುವುದಾದರೆ ಇದು ನಿಲಯವಿಲ್ಲದ ಆಕಾಶವಾಣಿ. 1976ರಲ್ಲಿ ಮಂಗಳೂರು ನಿಲಯ ಆರಂಭವಾದಾಗ ಅದರ ಅಲೆಗಳನ್ನು ತಲಪಾಡಿಯಲ್ಲಿ ಯಾರೂ ತಡೆದು ತಪಾಸಣೆ ಮಾಡಲಿಲ್ಲ. ಇದಕ್ಕೂ ಗಡಿಯ ತಡೆಯಿಲ್ಲ. ಕೇಳುವವರಿಗೆ ಹೊತ್ತಿನ ಕಟ್ಟುಪಾಡೂ ಇಲ್ಲ.

ಬೇರೆಲ್ಲ ಬಿಟ್ಟು ದೆವ್ವದ ಚಿತ್ರಗಳೇ ಏಕೆ ಎಂದು ಓದುಗರು ಕೇಳಬಹುದು. ಬಡತನವೇ ಬಂಡವಾಳವಾಗಬಲ್ಲ ಚಿತ್ರಪ್ರಕಾರ ಇದು. ಯುದ್ಧ ತೋರಿಸಲು ಹಣ ಬೇಕು, ಕತ್ತಲೆ ತೋರಿಸಲು ದೀಪ ಆರಿಸಿದರೆ ಸಾಕು. 1999ರಲ್ಲಿ ತೆರೆಕಂಡ ಅಮೆರಿಕದ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಚಿತ್ರದಲ್ಲಿ ಕಾಡಿಗೆ ಹೋದ ಮೂವರು ನಟರ ಕೈಗೇ ಕ್ಯಾಮೆರಾ ಕೊಟ್ಟಿದ್ದರು. ಎಂಟು ದಿನಗಳ ಚಿತ್ರೀಕರಣ. ಅದು ಗಳಿಸಿದ್ದು 24 ಕೋಟಿ ಡಾಲರಿಗೂ ಮಿಕ್ಕಿ. ಅದೇ ಜಾಡಿನಲ್ಲಿ 2013ರಲ್ಲಿ ಕೆ. ಎಸ್. ಅಶೋಕ ಅವರ ‘6-5=2’ ಕನ್ನಡಕ್ಕೆ ಬಂತು. ಚಾರಣಕ್ಕೆ ಹೋದವರ ಕ್ಯಾಮೆರಾದಲ್ಲಿ ಸಿಕ್ಕಿದ ನಿಜದೃಶ್ಯಗಳೇ ಇವು ಎಂಬಂತೆ ತೋರಿಸಿದ ಈ ಚಿತ್ರ ಜನರನ್ನು ಸೆಳೆಯಿತು, ಮರುವರ್ಷ ಹಿಂದಿಗೂ ಹೋಯಿತು.

ಇವುಗಳಿಗಿಂತ ಹಳೆಯದು 1979ರ ‘ನಾ ನಿನ್ನ ಬಿಡಲಾರೆ’. ಅನಂತನಾಗ್ ಅವರ ಮೇಲೆ ಬಂದ ಹೆಣ್ಣುದೆವ್ವವನ್ನು ಕಂಡು ನಡುಗಿದವರು ನಮ್ಮ ಓದುಗರಲ್ಲಿ ಇನ್ನೂ ಇದ್ದಾರೆ. ಕಾಟದಿಂದ ಬಿಡುಗಡೆಗಾಗಿ ಕಥೆ ರಾಘವೇಂದ್ರ ಸ್ವಾಮಿಗಳ ಮೊರೆ ಹೋಗುತ್ತದೆ. ಆ ರಾಯರ ಮಂತ್ರಾಲಯವಾದರೂ ಎಲ್ಲಿದೆ? ಹಳೆಯ ಆದವಾನಿ ತಾಲೂಕಿನಲ್ಲಿ. ಕಣೇಕಲ್ಲಿನ ಜೊತೆಗೇ ಅದೂ ಆಂಧ್ರಕ್ಕೆ ಹೋಯಿತು. ಕನ್ನಡದ ದೆವ್ವ ಬಿಡಿಸಿಕೊಳ್ಳಲು ಗಡಿ ದಾಟಬೇಕಾಯಿತು ಎನ್ನಬಹುದು. ಬೆಂಗಳೂರಿನ ವಿಮರ್ಶಕನಿಗೆ ಈ ಮಾತು ಹೊಳೆಯಲಾರದು. ಕಣೇಕಲ್ಲಿನಲ್ಲಿ ಕೂತು ಮಾತಾಡುವವನಿಗೆ ಇದು ಮೊದಲ ವಾಕ್ಯವೇ ಆದೀತು.

ಧ್ವನಿಯ ಮೂಲಕ ಈ ಚಿತ್ರಗಳ ವಿಮರ್ಶೆ ಮಾಡುವುದರಲ್ಲಿ ಇನ್ನೊಂದು ಔಚಿತ್ಯವೂ ಇದೆ. ದೆವ್ವದ ಚಿತ್ರವನ್ನು ಪ್ರೇಕ್ಷಕ ಅರ್ಧ ಕಿವಿಯಿಂದಲೇ ನೋಡುತ್ತಾನೆ. 1942ರಷ್ಟು ಹಿಂದೆ, ಸಣ್ಣ ಖರ್ಚಿನಲ್ಲಿ ತಯಾರಾದ ‘ಕ್ಯಾಟ್ ಪೀಪಲ್’ ಎಂಬ ಅಮೆರಿಕನ್ ಚಿತ್ರದಲ್ಲಿ ಒಬ್ಬ ಹೆಂಗಸು ರಾತ್ರಿ ನಿರ್ಜನ ಬೀದಿಯಲ್ಲಿ ನಡೆಯುತ್ತಿದ್ದಾಳೆ. ಹಿಂದೆ ಹೆಜ್ಜೆಸಪ್ಪಳ, ಅದೂ ನಿಂತುಹೋಗುತ್ತದೆ. ಥಟ್ಟನೆ ಮೃಗ ಬುಸುಗುಟ್ಟಿದಂಥ ಸದ್ದು. ನೋಡಿದರೆ ಬಸ್ಸು ಬಂದು ನಿಂತದ್ದು! ಚಿರತೆಯನ್ನು ತರಲು ತಗಲುವ ಹಣ ಬಸ್ಸಿನ ಬ್ರೇಕಿನಲ್ಲಿ ಉಳಿಯಿತು. ಎಂಬತ್ತು ವರ್ಷ ಕಳೆದರೂ ಚಿತ್ರ ಮಾಡುವವರು ಈ ಯುಕ್ತಿಯನ್ನು ಬಿಟ್ಟಿಲ್ಲ. ಒಳ್ಳೆಯ ವಿಮರ್ಶಕ ಮಾಡಬೇಕಾದದ್ದು ಇದನ್ನೇ: ಎಲ್ಲಿ ಮೌನ ಹೆದರಿಸಿತು, ಎಲ್ಲಿ ಬರಿಯ ಡೋಲು ಬಡಿದು ನಮ್ಮನ್ನು ಬೆಚ್ಚಿಬೀಳಿಸಿದರು ಎಂಬುದನ್ನು ಬೇರ್ಪಡಿಸಿ ಹೇಳುವುದು. ಡೋಲಿನ ಸದ್ದಿಗೆ ಬೆಚ್ಚುವುದು ಭಯವಲ್ಲ. ಪಟಾಕಿ ಸಿಡಿದರೂ ಬೆಚ್ಚುತ್ತೇವೆ.

ಮಾತಿನ ಆಯ್ಕೆಯಲ್ಲಿ ತುಸು ಎಚ್ಚರ ಬೇಕು. ‘ಭೂತದ ಸಿನೆಮಾ’ ಎಂದು ಬಳ್ಳಾರಿ ಸೀಮೆಯವರು ಹಗುರವಾಗಿ ಹೇಳಿಬಿಡಬಹುದು. ನಮ್ಮಲ್ಲಿ ಭೂತವೆಂದರೆ ಕೋಲ ಕೊಟ್ಟು ಕೈಮುಗಿಯುವ ದೈವ. ಸತ್ತು ಅಲೆಯುವುದಕ್ಕೆ ತುಳುವಿನಲ್ಲಿ ‘ಕುಲೆ’ ಎನ್ನುತ್ತೇವೆ. ಆ ಕಡೆ ‘ಗಾಳಿ ಸೋಕಿತು’ ಎಂದರೆ ಮುಗಿಯಿತು, ನೆರೆಯ ತೆಲುಗಿನವನಿಗೆ ಅದೇ ‘ದೆಯ್ಯಂ’. ಗ್ರಂಥಭಾಷೆಯಲ್ಲಿ ಎಲ್ಲವನ್ನೂ ‘ಪ್ರೇತಾತ್ಮ’ ಎಂದು ಒಂದೇ ಚೀಲಕ್ಕೆ ತುಂಬುವುದಕ್ಕಿಂತ, ಆಯಾ ಊರಿನವರು ಆಯಾ ಊರಿನ ಮಾತಿನಲ್ಲೇ ಹೇಳಲಿ. ಕಣೇಕಲ್ಲಿನವರ ಕನ್ನಡ ನಮಗೆ ಅರ್ಥವಾಗುತ್ತದೆ. ಒಂದೆರಡು ಶಬ್ದ ತಡೆದರೂ ಹೆದರಿಕೆ ತಡೆಯುವುದಿಲ್ಲ.

ಇನ್ನೊಂದು ಮಾತನ್ನು ನಿಷ್ಠುರವಾಗಿಯೇ ಹೇಳಬೇಕಾಗಿದೆ. ಕನ್ನಡದ್ದು ಎಂಬ ಕಾರಣಕ್ಕೆ ಚಿತ್ರಕ್ಕೆ ರಿಯಾಯಿತಿ ಕೊಡುವ ಚಾಳಿ ಗಡಿನಾಡಿನಲ್ಲಿ ಹೆಚ್ಚು. ಪ್ರೀತಿಯಿಂದಲೇ ಹಾಗೆ ಮಾಡುತ್ತೇವೆ, ನಿಜ. ಆದರೆ ನಮ್ಮ ಮನೆಯ ಹುಡುಗರು 2022ರ ಮಲಯಾಳ ಚಿತ್ರ ‘ಭೂತಕಾಲಂ’ ನೋಡಿದ್ದಾರೆ. ರೇವತಿ, ಶೇನ್ ನಿಗಂ ಇಬ್ಬರೇ ತಾಯಿ ಮಗನಾಗಿ ಒಂದು ಮನೆಯೊಳಗೆ ಕಥೆಯನ್ನು ಹೊತ್ತು ನಡೆಸಿದ ಚಿತ್ರ ಅದು. ರಾಯದುರ್ಗದ ಹುಡುಗರು ಅದೇ ವರ್ಷದ ತೆಲುಗು ‘ಮಸೂದ’ ನೋಡಿರುತ್ತಾರೆ. ಅವರ ಮುಂದೆ ಕೆಟ್ಟ ಕನ್ನಡ ಚಿತ್ರವನ್ನು ಹೊಗಳಿದರೆ, ಎರಡನೆಯ ಸಲ ಅವರು ಕಿವಿಗೊಡುವುದಿಲ್ಲ. ಆಮೇಲೆ ನಿಜಕ್ಕೂ ಒಳ್ಳೆಯದೊಂದು ಬಂದಾಗ ಹೇಳಿದರೂ ನಂಬುವವರಿರುವುದಿಲ್ಲ. ಹೊಗಳಿಕೆಯ ಬೆಲೆ ಉಳಿಯಬೇಕಾದರೆ ಬಯ್ಗುಳವೂ ಕನ್ನಡದಲ್ಲೇ ಇರಬೇಕು.

ಹಾಗೆ ಒಳ್ಳೆಯದು ಬಂದದ್ದೂ ಉಂಟು. ನಮ್ಮ ತೂಮಿನಾಡಿನವರೇ ಆದ ಜೆ. ಪಿ. ತೂಮಿನಾಡು ಬರೆದು ನಿರ್ದೇಶಿಸಿದ ‘ಸು ಫ್ರಮ್ ಸೋ’ 2025ರ ಜುಲೈ 25ರಂದು ತೆರೆಕಂಡಿತು. ಸೋಮೇಶ್ವರದ ಸುಲೋಚನೆ ಎಂಬವಳ ದೆವ್ವ ಹುಡುಗನೊಬ್ಬನ ಮೈಮೇಲೆ ಬಂದಿದೆಯೆಂದು ಇಡೀ ಊರು ನಂಬಿ ಕುಣಿಯುವ ಕಥೆ. ದೊಡ್ಡ ತಾರೆಯರಿಲ್ಲ, ಅಬ್ಬರದ ಪ್ರಚಾರವಿಲ್ಲ. ನೋಡಿದವರು ಬಾಯಿಂದ ಬಾಯಿಗೆ ಹೇಳಿದ್ದೇ ಪ್ರಚಾರವಾಯಿತು. ಗಳಿಕೆ 100 ಕೋಟಿ ರೂಪಾಯಿ ದಾಟಿತೆಂದು ಪತ್ರಿಕೆಗಳು ಬರೆದವು. ಆಗಸ್ಟಿನಲ್ಲಿ ಮಲಯಾಳಕ್ಕೂ ತೆಲುಗಿಗೂ ಡಬ್ ಆಯಿತು. ಕಾಸರಗೋಡಿನವನ ಕನ್ನಡ ದೆವ್ವ ಆಂಧ್ರದ ಟಾಕೀಸುಗಳಲ್ಲಿ ತೆಲುಗು ಮಾತಾಡಿತು. ಮೂಲದ ಕರಾವಳಿ ಕನ್ನಡದ ರುಚಿ ಎಂಥದ್ದೆಂದು ಕಣೇಕಲ್ಲಿನ ಮನೆಗಳಿಗೆ ಹೇಳಿದವರು ಯಾರು? ಬಾಯಿಂದ ಬಾಯಿಗೆ ಹೋದ ಸುದ್ದಿ ಅಲ್ಲಿಗೆ ತಲುಪಲು ಅಲ್ಲೊಂದು ಬಾಯಿ ಬೇಕು.

ಖರ್ಚಿನ ಮಾತು ಹೆಚ್ಚಿಲ್ಲ. ಈಗಿನ ಮೊಬೈಲಿನಲ್ಲೇ ಧ್ವನಿಮುದ್ರಣ ಆಗುತ್ತದೆ. ಸಣ್ಣ ಕೋಣೆ, ಕಿಟಕಿಗೆ ದಪ್ಪ ಕಂಬಳಿ, ಫ್ಯಾನ್ ಬಂದ್. ಖಾಲಿ ಗೋಡೆಗಳ ನಡುವೆ ಕೂತರೆ ಸ್ವರ ಪ್ರತಿಧ್ವನಿಸಿ ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಬಟ್ಟೆ ತುಂಬಿದ ಕಪಾಟಿನ ಮುಂದೆ ಕೂರುವುದು ಮೇಲು. ವಿಮರ್ಶೆಗೆ ಬೇಕಾದಷ್ಟು ಭಾಗವನ್ನು ಉದಾಹರಿಸಲು 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮು ಎಡೆಕೊಡುತ್ತದೆ. ಹಾಗೆಂದು ಹಾಡಿಗೆ ಹಾಡನ್ನೇ ನುಡಿಸಿ ಹೊತ್ತು ತುಂಬಿಸಬಾರದು. ಕೊನೆಯ ಗುಟ್ಟು ಬಿಡಬಾರದು. ಯಾವ ವಯಸ್ಸಿನ ಮಕ್ಕಳನ್ನು ಎಬ್ಬಿಸಿ ಕಳಿಸಬೇಕೆಂದು ಮಾತ್ರ ತಾಯಂದಿರಿಗೆ ಮೊದಲೇ ತಿಳಿಸಬೇಕು. ಇಪ್ಪತ್ತು ನಿಮಿಷ ಸಾಕು, ಅದಕ್ಕಿಂತ ಹೆಚ್ಚಾದರೆ ಉಪನ್ಯಾಸವಾಗುತ್ತದೆ. ಇಷ್ಟಾದ ಮೇಲೆಯೂ ಹಗರಿಯ ಮರಳುಗಾಳಿ ಕಿಟಕಿಗೆ ಬಡಿಯುವ ಸದ್ದು ಒಳಗೆ ಬಂದರೆ, ಅದನ್ನು ಅಳಿಸುವುದು ಬೇಡ. ಅಂಥ ಸದ್ದಿಗೆ ಪಟ್ಟಣದ ಚಿತ್ರ ತಯಾರಕರು ದುಡ್ಡು ಕೊಡುತ್ತಾರೆ.