ತೆಂಗಿನ ತೋಟದ ಬೆಳಕು, ಹಳೇ ಕ್ಯಾಮೆರಾದ ಲೆಕ್ಕ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಫೋಟೊ ತೆಗೆಯುವವರಿಗೆ ಬೆಳಕೇ ದೊಡ್ಡ ಸವಾಲು. ತೆಂಗಿನ ಗರಿಗಳ ಸಂದಿಯಲ್ಲಿ ಸುಡುಬಿಸಿಲು, ಬುಡದಲ್ಲಿ ದಟ್ಟ ನೆರಳು, ಕೊಬ್ಬರಿ ಒಣಗುವ ಅಟ್ಟದಲ್ಲಿ ಅರೆಗತ್ತಲೆ. ಅಗ್ಗಕ್ಕೆ ಸಿಗುವ ಹಳೇ ಎಲೆಕ್ಟ್ರಾನಿಕ್ ಎಸ್‌ಎಲ್‌ಆರ್ ಇದನ್ನೆಲ್ಲ ಸೆರೆಹಿಡಿಯಬಲ್ಲದು. ಅದು ಬೆಳಕನ್ನು ಅಳೆಯುವ ಬಗೆ ನಮಗೆ ತಿಳಿದಿರಬೇಕು, ಅಷ್ಟೆ.

1976ರಲ್ಲಿ ಬಂದ ಕ್ಯಾನನ್ ಎಇ-1, ಮೈಕ್ರೊಪ್ರೊಸೆಸರ್ ಅಳವಡಿಸಿದ ಮೊದಲ ಎಸ್‌ಎಲ್‌ಆರ್. ಶಟರ್ ವೇಗವನ್ನು ನಾವು ಆರಿಸಿದರೆ ಅಪರ್ಚರನ್ನು ಅದೇ ನಿರ್ಧರಿಸುತ್ತದೆ. ನಿಕಾನ್ ಎಫ್‌ಇ, ಪೆಂಟಾಕ್ಸ್ ಎಂಇ ಸೂಪರ್‌ಗಳಲ್ಲಿ ಅಪರ್ಚರ್ ನಮ್ಮದು, ವೇಗ ಯಂತ್ರದ್ದು. ಶಟರ್ ಪರದೆ ಎಷ್ಟು ಹೊತ್ತು ತೆರೆದಿರಬೇಕೆಂಬುದನ್ನು ನಿಯಂತ್ರಿಸುವುದು ವಿದ್ಯುತ್ಕಾಂತ. ಹಾಗಾಗಿ ಬ್ಯಾಟರಿ ಸತ್ತರೆ ಎಇ-1 ಕ್ಲಿಕ್ ಕೂಡ ಆಗುವುದಿಲ್ಲ.

ಕೊಳ್ಳುವಾಗ ಮೊದಲು ಬ್ಯಾಟರಿ ಗೂಡು ತೆರೆದು ನೋಡಿ. ಹಸಿರು ಕಿಲುಬು ಕಂಡರೆ ರಸ ಸೋರಿ ಒಳಗಿನ ತಂತಿಗಳನ್ನೂ ತಿಂದಿರಬಹುದು. ಹೊಸ ಬ್ಯಾಟರಿ ಹಾಕಿ, ಹಿಂಬಾಗಿಲು ತೆರೆದು, 1 ಸೆಕೆಂಡ್, 1/60, 1/1000 ವೇಗಗಳಲ್ಲಿ ಶಟರ್ ಒತ್ತಿ. ವ್ಯತ್ಯಾಸ ಕಣ್ಣಿಗೆ, ಕಿವಿಗೆ ಗೊತ್ತಾಗಬೇಕು. ಬಾಗಿಲಂಚಿನ ಫೋಮ್ ಜಿಗುಟಾಗಿದ್ದರೆ ಬದಲಿಸುವುದು ಸುಲಭ. ಲೆನ್ಸಿಗೆ ಟಾರ್ಚ್ ಹಿಡಿದಾಗ ಬೂಷ್ಟಿನ ಎಳೆ ಕಂಡರೆ ಬೇಡವೆನ್ನಿ. ಸರ್ಕ್ಯೂಟ್ ಕೆಟ್ಟಿದ್ದರೂ ಬೇಡ. ಅದರ ಬಿಡಿಭಾಗ ಸಿಗುವುದು ಬಲು ಕಷ್ಟ.

ಮೀಟರ್ ಸರಿಯಿದೆಯೇ ಎಂದು ನೋಡಲು ಬೇರೆ ಉಪಕರಣ ಬೇಡ. ಮೋಡವಿಲ್ಲದ ಮಧ್ಯಾಹ್ನ, ಬಿಸಿಲು ಬಿದ್ದ ಬಯಲಿನತ್ತ ಕ್ಯಾಮೆರಾ ತಿರುಗಿಸಿ. ಐಎಸ್‌ಒ 200, ಅಪರ್ಚರ್ ಎಫ್/16 ಇಟ್ಟರೆ ವೇಗ ಸುಮಾರು 1/250 ಬರಬೇಕು. ಎಇ-1 ಆದರೆ 1/250 ಇಡಿ, ಮುಳ್ಳು 16ರ ಸಮೀಪ ನಿಲ್ಲಬೇಕು.

ಮೀಟರ್ ಸರಿಯಿದ್ದರೂ ತೋಟದಲ್ಲಿ ಮೋಸಹೋಗುತ್ತದೆ. ಎದುರಿಗಿರುವುದೆಲ್ಲ ಮಧ್ಯಮ ಬೂದುಬಣ್ಣದ್ದೆಂದೇ ಅದರ ಲೆಕ್ಕ. ಮರದ ತಲೆಗೆ ಗುರಿಯಿಟ್ಟರೆ ಆಕಾಶದ ಬೆಳಕನ್ನು ನೋಡಿ ಎಕ್ಸ್‌ಪೋಷರ್ ತಗ್ಗಿಸುತ್ತದೆ, ಗೊನೆಗಳು ಕರಿನೆರಳಾಗುತ್ತವೆ. ಬಿಸಿಲಲ್ಲಿ ಹರವಿದ ಬಿಳಿ ಕೊಬ್ಬರಿ ಹೋಳೂ ಹೀಗೆಯೇ ಮಂಕಾಗುತ್ತದೆ. ಇಂಥಲ್ಲಿ ಒಂದೂವರೆ ಸ್ಟಾಪ್ ಹೆಚ್ಚು ಬೆಳಕು ಕೊಡಿ. ಎಇ-1ರಲ್ಲಿ ಇದಕ್ಕೆಂದೇ ಬ್ಯಾಕ್‌ಲೈಟ್ ಗುಂಡಿಯಿದೆ. ಕಲರ್ ನೆಗೆಟಿವ್ ಫಿಲಂ ಹೆಚ್ಚು ಬೆಳಕನ್ನು ತಾಳಿಕೊಳ್ಳುತ್ತದೆ, ಕಡಿಮೆ ಬೆಳಕನ್ನಲ್ಲ.

ಮಳೆಗಾಲದಲ್ಲಿ ಕ್ಯಾಮೆರಾವನ್ನು ಚರ್ಮದ ಚೀಲದಲ್ಲಿಡಬೇಡಿ. ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಡಿ. ಬಳಸದಿದ್ದಾಗ ಬ್ಯಾಟರಿ ತೆಗೆದಿಡಿ. ಕಂಪನಿಯ ಹೆಸರು, ಹೊಳಪು ನೋಡಿ ಮರುಳಾಗದೆ, ಬ್ಯಾಟರಿ ಹಾಕಿ ಪರೀಕ್ಷಿಸಲು ಬಿಡುವವರ ಹತ್ತಿರವೇ ಕೊಳ್ಳಿ.